ಬಿಳಿ ಗೆರೆಯ ಪ್ಯಾಡು

ದೊಡ್ಡಪ್ಪನ ಕೋವಿಯಲ್ಲಿ ಏನೋ ಒಂದು ಹೊಂದುತ್ತಿರಲಿಲ್ಲ. ಅದು ಏನು ಅಂತ ಗೊತ್ತಾಗಿದ್ದು, ಕೋವಿ ನನ್ನ ಕೈಗೆ ಬಂದ ಮೇಲೆ. ಅಮೆರಿಕದ ಫಾಕ್ಸ್ ಕಂಪನಿಯ ಸ್ಟರ್ಲಿಂಗ್‌ವರ್ತ್, 12 ಬೋರ್, ಜೋಡಿ ನಳಿಗೆ. ನಳಿಗೆಯ ಮೇಲೆ ಫಿಲಡೆಲ್ಫಿಯಾ ಎಂದು ಕೊರೆದಿದೆ. ಫಾಕ್ಸ್ ಕಂಪನಿಯನ್ನು ಸ್ಯಾವೇಜ್ ಅನ್ನೋ ಇನ್ನೊಂದು ಕೋವಿ ಕಂಪನಿಯವರು ಕೊಂಡು, 1930ರ ಹೊತ್ತಿಗೆ ಕೆಲಸವನ್ನೆಲ್ಲ ಯುಟಿಕಾಕ್ಕೆ ಸಾಗಿಸಿದರು. ಹಾಗಾಗಿ ನಳಿಗೆ ಮೇಲಿನ ಫಿಲಡೆಲ್ಫಿಯಾ ಹೆಸರೇ ಕೋವಿ ಅದಕ್ಕೂ ಮುಂಚಿನ ಕಾಲದ್ದು ಅಂತ ಹೇಳುತ್ತದೆ.

ಆದರೆ ಬಟ್ಟಿನ, ಅಂದರೆ ಭುಜಕ್ಕೆ ಒತ್ತಿ ಹಿಡಿಯುವ ಹಿಂಬದಿಯ ಮರದ, ತುದಿಯಲ್ಲಿದ್ದ ರಬ್ಬರ್ ಪ್ಯಾಡು ಬೇರೆಯೇ ಕಾಲದ್ದು. ಕಪ್ಪು ಬಣ್ಣ, ಪಕ್ಕದಲ್ಲಿ ಸಾಲು ತೂತು, ಮರಕ್ಕೂ ರಬ್ಬರಿಗೂ ನಡುವೆ ತೆಳ್ಳಗಿನ ಬಿಳಿ ಪ್ಲಾಸ್ಟಿಕ್ ಗೆರೆ. ಈ ಬಿಳಿ ಗೆರೆ ಜಾಸ್ತಿ ಕಾಣಿಸಿಕೊಂಡಿದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ. 1950, 60ರ ದಶಕದ ಕೋವಿಗಳಿಗೆ ಅದು ಚೆನ್ನಾಗೇ ಒಪ್ಪುತ್ತದೆ. ಈ ಮರಕ್ಕೆ ಒಪ್ಪುತ್ತಿರಲಿಲ್ಲ.

ಮೇಲಾಗಿ ರಬ್ಬರ್ ಸತ್ತೇ ಹೋಗಿತ್ತು. ಒಂದು ಕಡೆ ಕಲ್ಲಿನ ಹಾಗೆ ಗಟ್ಟಿ, ಇನ್ನೊಂದು ಕಡೆ ಹೆಬ್ಬೆರಳು ಒತ್ತಿದರೆ ಗುರುತು ಉಳಿಯುವಷ್ಟು ಅಂಟು. ಗಾಳಿ, ಬಿಸಿಲು, ಎಣ್ಣೆ ಸೇರಿದರೆ ರಬ್ಬರಿನ ಗತಿ ಅಷ್ಟೇ. ಗುಂಡು ಹಾರಿದಾಗಿನ ಒದೆತ ತಡೆಯಬೇಕಾದ ಪ್ಯಾಡೇ ಭುಜಕ್ಕೆ ಕುಟ್ಟುತ್ತಿತ್ತು.

"ಇದ್ದ ಹಾಗೇ ಇರ್ಲಿ ಬಿಡೋ" ಅಂದರು ದೊಡ್ಡಪ್ಪ. "ಹಿಂದೆ ಒಬ್ಬ ಕೈ ಹಾಕಿ ಕೆಡಿಸಿದ್ದು ಸಾಲದಾ?"

ಅವರ ಭಯ ಸುಮ್ನೆ ಹುಟ್ಟಿದ್ದಲ್ಲ. ಒಂದು ಭಾನುವಾರ ಬೆಳಿಗ್ಗೆ ಕೋವಿ ಮಡಚಿ ತೆರೆದು, ಒಳಗೆ ತೋಟಾ ಇಲ್ಲ ಅಂತ ಎರಡು ಸಲ ನೋಡಿಕೊಂಡು, ಪ್ಯಾಡು ಬಿಚ್ಚಿದೆ. ಹಿಂದೆ ಕೆಲಸ ಮಾಡಿದವರು ಮರವನ್ನೇ ಕೊಯ್ದಿದ್ದರು. ಗರಗಸದ ಹಲ್ಲಿನ ಗೆರೆ ಹಾಗೇ ಉಳಿದಿತ್ತು. ಟ್ರಿಗರ್‌ನಿಂದ ಬಟ್ಟಿನ ತುದಿಯ ನಡುಭಾಗಕ್ಕೆ ಟೇಪು ಹಿಡಿದರೆ ಬರೀ ಮರ 13 ಇಂಚು. ಆ ಕಾಲದ ಅಮೆರಿಕದ ಕೋವಿಗಳಲ್ಲಿ ಈ ಅಳತೆ ಸಾಮಾನ್ಯವಾಗಿ 14 ಇಂಚಿನ ಆಸುಪಾಸು ಇರುತ್ತದೆ.

ಆ ಒಂದು ಅಳತೆ ನನ್ನ ಲೆಕ್ಕವನ್ನೆಲ್ಲ ತಿರುಗಿಸಿಬಿಟ್ಟಿತು. ಸ್ಟರ್ಲಿಂಗ್‌ವರ್ತ್‌ಗೆ ಕಾರ್ಖಾನೆಯಲ್ಲಿ ಹಾಕುತ್ತಿದ್ದುದು ಗಟ್ಟಿ ಕಪ್ಪು ರಬ್ಬರಿನ ತೆಳು ಬಟ್‌ಪ್ಲೇಟು. ಅದನ್ನೇ ಹುಡುಕಿ ಹಾಕೋಣ ಅಂತಿದ್ದೆ. ಆದರೆ ಕೊಯ್ದ ಮರಕ್ಕೆ ಅದನ್ನು ಹಾಕಿದರೆ ಕೋವಿ ಗಿಡ್ಡವಾಗಿಯೇ ಉಳಿಯುತ್ತದೆ. ಎತ್ತಿ ಹಿಡಿದಾಗ ಹೆಬ್ಬೆರಳು ಮೂಗಿಗೆ ತಾಗುವಷ್ಟು ಹತ್ತಿರ ಬರುತ್ತದೆ. ಈಗ ಬೇಕಾಗಿದ್ದು ಒಂದು ಇಂಚು ದಪ್ಪದ ಪ್ಯಾಡು. ಅದೂ 1920ರ ದಶಕದವರು ಹಾಕಿಸಿಕೊಂಡಿರಬಹುದಾದಂಥದ್ದು. ಮರ ಕೊಯ್ಯದೇ ಇದ್ದಿದ್ದರೆ ನಾನು ಇದಕ್ಕೆ ಕೈ ಹಾಕುತ್ತಲೇ ಇರಲಿಲ್ಲ. ಮೇಲಿಂದ ತೊಡಿಸುವ ಚರ್ಮದ ಪ್ಯಾಡು ಹಾಕಿ ಸುಮ್ಮನಾಗುತ್ತಿದ್ದೆ. ಮೂಲ ಪ್ಲೇಟು ಉಳಿದಿರುವ ಹಳೇ ಕೋವಿ ಇರುವವರಿಗೂ ನಾನು ಹೇಳುವುದು ಅದನ್ನೇ.

ಮನಸ್ಸು ಮೊದಲು ಓಡಿದ್ದು ಸಿಲ್ವರ್ಸ್ ಪ್ಯಾಡಿನ ಕಡೆಗೆ. ಲಂಡನ್ನಿನ ಹಳೇ ಹೆಸರು. ಕಿತ್ತಳೆ ಕೆಂಪಿನ ಗಟ್ಟಿ ರಬ್ಬರು, ಸ್ಕ್ರೂ ಮುಚ್ಚೋಕೆ ಎರಡು ದುಂಡು ಬಿರಡೆ. ನೋಡಿದರೆ ಕಣ್ಣು ತೆಗೆಯೋಕೆ ಮನಸ್ಸಾಗುವುದಿಲ್ಲ. ಗಿರಾಕಿ ಕೇಳಿದರೆ ಅಮೆರಿಕದ ಕೋವಿಗಳಿಗೂ ಹಾಕಿಕೊಡುತ್ತಿದ್ದರು, ಆದ್ದರಿಂದ ಕಾಲದ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಸ್ಟರ್ಲಿಂಗ್‌ವರ್ತ್ ಫಾಕ್ಸ್‌ನ ಸಾದಾ ಕೋವಿ. ಕೆತ್ತನೆ ಇಲ್ಲ, ಆಡಂಬರ ಇಲ್ಲ, ದುಡಿಯೋಕೆ ಮಾಡಿದ್ದು. ಅದಕ್ಕೆ ಸಿಲ್ವರ್ಸ್ ಹಾಕಿದರೆ ಗದ್ದೆಗೆ ಹೋಗುವವರಿಗೆ ಜರಿ ಪೇಟ ಸುತ್ತಿದ ಹಾಗೆ. ವರ್ಷ ಸರಿ ಇದ್ದರೂ ದರ್ಜೆ ಸರಿ ಇರಬೇಕಲ್ವಾ? ಕೊನೆಗೆ ಆರಿಸಿದ್ದು ಹಾಕಿನ್ಸ್. ಅದೇ ಕಾಲದ ಅಮೆರಿಕದ ಜೋಡಿ ನಳಿಗೆಗಳಲ್ಲಿ ಮತ್ತೆ ಮತ್ತೆ ಕಾಣುವ ಕೆಂಪು ರಬ್ಬರಿನ ಪ್ಯಾಡು. ಹಳೆಯದನ್ನೇ ತಂದರೆ ಅದರ ರಬ್ಬರೂ ಸತ್ತಿರುತ್ತದೆ. ಅದಕ್ಕೇ ಈಗಿನವರು ಹಳೇ ಅಚ್ಚಿನಂತೆ ಮಾಡುವ ಹೊಸದನ್ನು ತರಿಸಿದೆ.

ಪ್ಯಾಡು ಬರುವುದು ದೊಡ್ಡದಾಗಿ. ಮರದ ಆಕಾರಕ್ಕೆ ಉಜ್ಜಿಕೊಳ್ಳಬೇಕು. ಬಟ್ಟಿಗೆ ಎರಡು ಸುತ್ತು ಟೇಪು ಸುತ್ತಿ, ಪ್ಯಾಡು ಕೂರಿಸಿ, ಸೂಜಿಯಿಂದ ಸುತ್ತಲೂ ಗೆರೆ ಎಳೆದೆ. ಬಿಚ್ಚಿ ಬೆಲ್ಟ್ ಸ್ಯಾಂಡರಿನಲ್ಲಿ ಆ ಗೆರೆಯ ಹತ್ತಿರದವರೆಗೆ ಉಜ್ಜಿದೆ. ಕಷ್ಟ ಇರುವುದು ಕೆಳಗಿನ ಮೂಲೆಯಲ್ಲಿ. ಬಟ್ಟಿನ ಅಡಿಯ ಗೆರೆ ಓರೆಯಾಗಿ ಇಳಿದು ಬರುತ್ತದೆ. ಅದೇ ಓರೆಯಲ್ಲಿ ಪ್ಯಾಡಿನೊಳಕ್ಕೂ ಮುಂದುವರಿಯಬೇಕು. ಅಲ್ಲಿ ನೇರ ಉಜ್ಜಿದರೆ ಪ್ಯಾಡು ಮುರಿದ ಗಲ್ಲದ ಹಾಗೆ ಕಾಣುತ್ತದೆ. ಪ್ಯಾಡು ಯಾರು ಕೂರಿಸಿದರು, ಎಷ್ಟು ಗಮನ ಕೊಟ್ಟರು ಅನ್ನೋದು ನನಗೆ ಆ ಒಂದು ಇಂಚಿನಲ್ಲೇ ಗೊತ್ತಾಗಿಬಿಡುತ್ತದೆ. ಸ್ಕೇಲು ಇಟ್ಟು, ಬೆಳಕಿಗೆ ಹಿಡಿದು, ಮತ್ತೆ ಉಜ್ಜಿ, ಆ ಮೂಲೆಗೇ ಎರಡು ಗಂಟೆ ಹೋಯಿತು. ಕೊನೆಯದನ್ನು ಸ್ಯಾಂಡರಿಗೆ ಬಿಡದೆ, ಮರದ ತುಂಡಿಗೆ ಉಪ್ಪುಕಾಗದ ಸುತ್ತಿ ಕೈಯಲ್ಲೇ ಮಾಡಿದೆ.

ಸ್ಕ್ರೂ ಹಾಕುವಾಗ ಒಂದು ತಪ್ಪಾಯಿತು. ಸ್ಕ್ರೂಡ್ರೈವರ್ ಹೋಗುವುದು ಪ್ಯಾಡಿನ ಮುಖದ ರಬ್ಬರ್ ತೂರಿಕೊಂಡು. ಅದರ ಕಾಂಡ ದುಂಡಗಿರಬೇಕು, ಸಾಬೂನು ಸವರಿರಬೇಕು. ಮೇಲಿನ ಸ್ಕ್ರೂಗೆ ಸವರಿದೆ, ಕೆಳಗಿನದಕ್ಕೆ ಮರೆತೆ. ತಿರುಗಿಸುತ್ತಿದ್ದಂತೆ ರಬ್ಬರು ಜೊತೆಗೇ ಸುತ್ತಿಕೊಂಡು ಅಕ್ಕಿಕಾಳಿನಷ್ಟು ಹರಿಯಿತು. ಹೊಟ್ಟೆ ಚುರುಕ್ ಅಂತು. ಪ್ಯಾಡು ಬಿಗಿಯಾಗಿ ಕೂತ ಮೇಲೆ ಆ ಬಾಯಿ ಮುಚ್ಚಿಕೊಂಡಿತು. ಆದರೂ ಗೊತ್ತಿದ್ದವರು ನೋಡಿದರೆ ಕಾಣುತ್ತದೆ.

ಟೇಪು ಕಿತ್ತಾಗ ಮರದ ಮೇಲೆ ಒಂದು ಗೀರೂ ಇರಲಿಲ್ಲ. ಮತ್ತೆ ಅಳೆದೆ. 14 ಇಂಚು.

ಸಂಜೆ ದೊಡ್ಡಪ್ಪ ಬಂದರು. ಏನೂ ಹೇಳದೆ ಕೋವಿ ಕೊಟ್ಟೆ. ಮಡಚಿ ತೆರೆದು ನಳಿಗೆ ನೋಡಿದರು, ಮುಚ್ಚಿದರು, ಗೋಡೆಯ ಕಡೆ ತಿರುಗಿ ಭುಜಕ್ಕೆ ಏರಿಸಿದರು. ಇಳಿಸಿದರು. ಮತ್ತೆ ಏರಿಸಿದರು. ಆಮೇಲೆ ಹೆಬ್ಬೆರಳನ್ನು ಮರದಿಂದ ರಬ್ಬರಿನ ಮೇಲಕ್ಕೆ, ಕೆಳಗಿನ ಮೂಲೆಯವರೆಗೆ ನಿಧಾನ ಸವರಿಕೊಂಡು ಹೋದರು.

"ಆ ಹಳೇದನ್ನ ಎಸೀಬೇಡ ಕಣೋ" ಅಂದರು.

ಎಸೆದಿಲ್ಲ. ಬಿಳಿ ಗೆರೆ ಸಮೇತ ಕಾಗದದಲ್ಲಿ ಸುತ್ತಿ, ಬಿಚ್ಚಿದ ತಾರೀಖು ಬರೆದು, ಕೋವಿಯ ಪೆಟ್ಟಿಗೆಯಲ್ಲೇ ಇಟ್ಟಿದ್ದೇನೆ.