ಫ್ಲ್ಯಾಶ್ ಹೊಡೀಲಾ ಸರ್?

2018ರ ಮೇ 15, ಮಂಗಳವಾರ. ವಿಧಾನಸಭೆ ಚುನಾವಣೆಯ ಮತ ಎಣಿಕೆ. ವರದಿಗಾರನಾಗಿದ್ದಾಗ ಇಂಥ ದಿನ ಎಣಿಕೆ ಕೇಂದ್ರದ ಹೊರಗೆ ಬಿಸಿಲಲ್ಲಿ ಮೈಕ್ ಹಿಡಿದು ನಿಂತಿರುತ್ತಿದ್ದೆ. ನ್ಯೂಸ್ ಚಾನೆಲ್‌ನ ಔಟ್‌ಪುಟ್ ಮುಖ್ಯಸ್ಥ, ಅಂದರೆ ತೆರೆ ಮೇಲೆ ಏನು ಹೋಗಬೇಕು ಅಂತ ನೋಡಿಕೊಳ್ಳುವವನು ಆದ ಮೇಲೆ ಜಾಗ ಪಿಸಿಆರ್‌ನ (ಪ್ರಸಾರ ನಿಯಂತ್ರಿಸುವ ಕೋಣೆ) ಎಸಿಯಲ್ಲಿ. ಮೈಗೆ ಆರಾಮ, ತಲೆಗಲ್ಲ.

ಜಯನಗರ, ರಾಜರಾಜೇಶ್ವರಿನಗರದಲ್ಲಿ ಮತದಾನ ಆಗಿರಲಿಲ್ಲ. ಹಾಗಾಗಿ 222 ಸ್ಥಾನ, ಬಹುಮತಕ್ಕೆ 112. ಬೆಳಿಗ್ಗೆಯೇ ಬಿಜೆಪಿ ಮುನ್ನಡೆ ಆ ಗಡಿ ದಾಟಿತು. ಮಲ್ಲೇಶ್ವರದ ಪಕ್ಷದ ಕಚೇರಿ ಮುಂದೆ ಪಟಾಕಿ ಶುರು. ಎದುರಿನ ಗೋಡೆಯ ಮಾನಿಟರ್‌ಗಳಲ್ಲಿ ಬೇರೆ ಚಾನೆಲ್‌ಗಳು ಒಂದೊಂದಾಗಿ 'ಸ್ಪಷ್ಟ ಬಹುಮತ' ಅಂತ ಹಾಕಿಬಿಟ್ಟವು. ನಮ್ಮ ಪ್ಯಾನೆಲ್‌ನಲ್ಲಿದ್ದ ಒಬ್ಬರಂತೂ ಆಗಲೇ ಖಾತೆ ಹಂಚುತ್ತಿದ್ದರು!

"ಫ್ಲ್ಯಾಶ್ ಹೊಡೀಲಾ ಸರ್?" ಗ್ರಾಫಿಕ್ಸ್ ಹುಡುಗನ ಬೆರಳು ಕೀ ಮೇಲೆಯೇ ಇತ್ತು.

"ಮುನ್ನಡೆ ಅಂತಲೇ ಇರಲಿ. ಬಹುಮತ ಬೇಡ" ಅಂದೆ.

ಧೈರ್ಯ ಅಂತೇನೂ ಅಲ್ಲ, ಹಳೇ ಅಭ್ಯಾಸ. ಒಂದು ಕ್ಷೇತ್ರಕ್ಕೆ ಸಾಮಾನ್ಯವಾಗಿ 14 ಟೇಬಲ್. ಅಂದರೆ ಒಂದು ಸುತ್ತಿಗೆ 14 ಮತಗಟ್ಟೆ. ಮೊದಲು ಪೇಟೆಯ ಮತಯಂತ್ರಗಳು ತೆರೆದರೆ ಒಬ್ಬರು ಮುಂದೆ, ಹಳ್ಳಿಯವು ಬಂದ ಮೇಲೆ ಇನ್ನೊಬ್ಬರು. ಬಿಸಿಲಲ್ಲಿ ನಿಂತವರಿಗೆ ಇದು ಗೊತ್ತು. ಸ್ಟುಡಿಯೋದಲ್ಲಿ ಕೂತವರು ಬೇಗ ಮರೀತಾರೆ.

ಬಾಗಲಕೋಟೆಯ ನಮ್ಮ ಹುಡುಗನಿಗೆ ಫೋನ್ ಹಾಕಿಸಿದೆ. ಬಾದಾಮಿಯಲ್ಲಿ ಸಿದ್ದರಾಮಯ್ಯ ಮತ್ತು ಶ್ರೀರಾಮುಲು ನಡುವೆ ಹಣಾಹಣಿ. "ಭಾಳ ಬಿಗಿ ಐತ್ರೀ ಸರ. ಕೊನೀ ರೌಂಡ್ ಮಟ ಏನೂ ಹೇಳಾಕ ಬರೂದಿಲ್ಲ" ಅಂದ. ಸಿದ್ದರಾಮಯ್ಯ ಅಲ್ಲಿ ಗೆದ್ದದ್ದು 1,696 ಮತಗಳಿಂದ. ಚಾಮುಂಡೇಶ್ವರಿಯಲ್ಲಿ ಮಾತ್ರ ಜಿ.ಟಿ. ದೇವೇಗೌಡರ ಎದುರು 36 ಸಾವಿರ ಮತಗಳಿಂದ ಸೋತಿದ್ದರು.

ಅಷ್ಟರಲ್ಲಿ ಆಡಳಿತದ ಕಡೆಯಿಂದ ಫೋನ್. "ಎಲ್ಲರೂ ಹಾಕಿದ್ದಾರೆ, ನಾವ್ಯಾಕೆ ಹಾಕಿಲ್ಲ?" ಈ ಹುದ್ದೆಯ ಅರ್ಧ ಕೆಲಸ ಇಂಥ ಫೋನ್‌ಗಳಿಗೆ ಉತ್ತರ ಕೊಡುವುದು. "ಇನ್ನೆರಡು ಸುತ್ತು ಸರ್" ಅಂದೆ. ಎರಡು ಮುಗಿದ ಮೇಲೆ ಮತ್ತೆ ಅದನ್ನೇ ಹೇಳಿದೆ.

ಮಧ್ಯಾಹ್ನದ ಹೊತ್ತಿಗೆ ಅಂಕಿ ಇಳಿಯತೊಡಗಿತು. ಕೊನೆಗೆ ಬಿಜೆಪಿ 104ಕ್ಕೆ ನಿಂತಿತು. ಕಾಂಗ್ರೆಸ್ 78, ಜೆಡಿಎಸ್ 37. ಕುಮಾರಸ್ವಾಮಿಯವರಿಗೆ ಬೆಂಬಲ ಅಂತ ಕಾಂಗ್ರೆಸ್ ಹೇಳಿದ್ದೇ ತಡ, ಎದುರಿನ ಮಾನಿಟರ್‌ಗಳಲ್ಲಿ 'ಸ್ಪಷ್ಟ ಬಹುಮತ' ಹೇಳದೆ ಕೇಳದೆ ಮಾಯ. ಮಲ್ಲೇಶ್ವರದಲ್ಲಿದ್ದ ನಮ್ಮ ಓಬಿ ವ್ಯಾನನ್ನು (ನೇರಪ್ರಸಾರದ ಗಾಡಿ) ರಾಜಭವನಕ್ಕೆ ಓಡಿಸಿದೆವು. ಪ್ಯಾನೆಲ್‌ನಲ್ಲಿ ಖಾತೆ ಹಂಚುತ್ತಿದ್ದವರು ಈಗ ರಾಜ್ಯಪಾಲರ ಅಧಿಕಾರದ ಬಗ್ಗೆ ಅಷ್ಟೇ ಖಚಿತವಾಗಿ ಮಾತಾಡುತ್ತಿದ್ದರು.

ಮುಂದಿನ ವಾರ ರೇಟಿಂಗ್ ಬಂತು. ಬೆಳಗಿನ ಆ ಹೊತ್ತಿನಲ್ಲಿ ನಾವು ಹಿಂದೆ ಬಿದ್ದಿದ್ದೆವು. ಮೀಟಿಂಗ್‌ನಲ್ಲಿ ಅದೇ ಪ್ರಶ್ನೆ. 104 ಅಂತ ನೆನಪಿಸಿದೆ. "ಅದು ಸರಿ, ಆದ್ರೆ ರಿಮೋಟ್ ಇರೋದು ವೀಕ್ಷಕರ ಕೈಲಿ ಅಲ್ವಾ?" ಅಂದರು. ಅವರು ಹೇಳಿದ್ದೂ ಸುಳ್ಳಲ್ಲ. ಆದರೂ ಮುಂದಿನ ಎಣಿಕೆಗೆ ಡೆಸ್ಕ್‌ನ ಬೋರ್ಡ್ ಮೇಲೆ 'ಬಹುಮತ ಪದಕ್ಕೆ ನನ್ನ ಅನುಮತಿ ಬೇಕು' ಅಂತ ಬರೆಸಿ ಹಾಕಿಸಿದೆ.