ಅಷ್ಟು ಜನರ ಮುಂದೆ ನಿಲ್ಲೋಕೆ ಭಯ ಆಗಲ್ವಾ?

ಮಾತು ಮುಗಿಸಿ ವೇದಿಕೆ ಇಳಿದರೆ ಯಾರಾದರೂ ಒಬ್ಬರು ಬಂದು ಇದನ್ನು ಕೇಳಿಯೇ ಕೇಳುತ್ತಾರೆ. ಜೊತೆಗೆ, "ಆ ಭಯ ಹೇಗೆ ಹೋಗಲಾಡಿಸಿಕೊಂಡ್ರಿ?"

ಹೋಗಿಲ್ಲ. ಹೆಸರು ಕರೆದ ಕೂಡಲೇ ಈಗಲೂ ಎದೆ ಡವಡವ, ಬಾಯಿ ಒಣಗುತ್ತದೆ. ಅಪಾಯ ಕಂಡಾಗ ಓಡುವುದಕ್ಕೋ ಹೊಡೆದಾಡುವುದಕ್ಕೋ ದೇಹ ಮಾಡಿಕೊಳ್ಳುವ ಸಿದ್ಧತೆ ಅದು, ಅಡ್ರಿನಲಿನ್ ಎಂಬ ಹಾರ್ಮೋನಿನ ಕೆಲಸ. ನಾನದನ್ನು ತಡೆಯುವ ಗೋಜಿಗೇ ಹೋಗುವುದಿಲ್ಲ. ಅನುಭವದಿಂದ ಹೋಗುತ್ತದೆ ಎನ್ನುವುದನ್ನೂ ಅಷ್ಟಾಗಿ ನಂಬುವುದಿಲ್ಲ. ಇಂಗ್ಲೆಂಡಿನ ಲಾರೆನ್ಸ್ ಒಲಿವಿಯರ್‌ನಂಥ ನಟನಿಗೆ 1960ರ ದಶಕದಲ್ಲಿ, ಕೀರ್ತಿಯ ತುದಿಯಲ್ಲಿದ್ದಾಗ, ಸಭಾಕಂಪನ ಹಿಡಿದುಕೊಂಡಿತು. ಒಂದು ನಾಟಕದಲ್ಲಂತೂ ಆತ ಸಹನಟ ಫ್ರಾಂಕ್ ಫಿನ್ಲೆಯನ್ನು, ನಿನ್ನ ದೃಶ್ಯ ಇಲ್ಲದಾಗಲೂ ರಂಗದ ಪಕ್ಕದಲ್ಲಿ ನನಗೆ ಕಾಣುವಂತೆ ನಿಂತಿರು ಎಂದು ಕೇಳಿಕೊಂಡಿದ್ದ.

ನನಗೆ ಈ ಪ್ರಸಂಗದಲ್ಲೇ ಉತ್ತರ ಸಿಗುತ್ತದೆ. ಆತನಿಗೆ ಬೇಕಾಗಿದ್ದದ್ದು ಒಂದು ಮುಖ. ಹೆದರಿದಾಗ ನಾವು ನೋಡುವುದು ನಮ್ಮನ್ನೇ: ಕೈ ನಡುಗುತ್ತಿದೆಯಾ, ದನಿ ಒಡೆಯಿತಾ, ಇವರಿಗೆಲ್ಲ ಗೊತ್ತಾಯಿತಾ? ಗೊತ್ತಾಗುವುದು ನಾವಂದುಕೊಂಡಷ್ಟಿಲ್ಲ. ಕೆನ್ನೆತ್ ಸಾವಿಟ್ಸ್ಕಿ, ಥಾಮಸ್ ಗಿಲೊವಿಚ್ ಎಂಬ ಮನಶ್ಶಾಸ್ತ್ರಜ್ಞರು 2003ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಇದು ಕಂಡುಬಂತು. ಇನ್ನೂ ಸ್ವಾರಸ್ಯದ್ದೆಂದರೆ, ಈ ಸಂಗತಿಯನ್ನು ಮೊದಲೇ ತಿಳಿದುಕೊಂಡು ಮಾತಾಡಿದವರ ಭಾಷಣ ಕೇಳುಗರಿಗೂ ಹೆಚ್ಚು ಚೆನ್ನಾಗಿ ಕಂಡಿತು.

ಹಾಗಾಗಿ ನಾನು ಸ್ವಲ್ಪ ಬೇಗ ಹೋಗಿ, ಬಂದು ಕೂತವರ ಜೊತೆ ಒಂದೆರಡು ಮಾತಾಡುತ್ತೇನೆ. ಮೈಕ್ ಮುಂದೆ ನಿಂತ ಮೇಲೆ ತಕ್ಷಣ ಶುರು ಮಾಡುವುದಿಲ್ಲ. ಪಾದ ನೆಲಕ್ಕೆ ಊರಿ, ಉಸಿರನ್ನು ನಿಧಾನವಾಗಿ ಪೂರ್ತಿ ಬಿಟ್ಟು, ಎದುರಿಗೆ ಯಾರ‍್ಯಾರಿದ್ದಾರೆ ಎಂದು ನಿಜವಾಗಿ ನೋಡುತ್ತೇನೆ. ನಿಂತವನಿಗೆ ಯುಗದಂತೆ ಅನಿಸುವ ಆ ಮೌನ ಕೂತವರಿಗೆ ಒಂದೆರಡು ಕ್ಷಣ, ಅಷ್ಟೆ. ಆಮೇಲೆ ಒಬ್ಬರನ್ನು ನೋಡಿ ಒಂದು ವಾಕ್ಯ, ಪೂರ್ತಿಯಾಗಿ. ಅದು ಅವರನ್ನು ತಲುಪಿತು ಅನಿಸಿದ ಮೇಲೆ ಇನ್ನೊಬ್ಬರತ್ತ. ನೂರು ಜನರ ಜೊತೆ ಮಾತಾಡುವುದು ನನ್ನಿಂದಾಗದ ಕೆಲಸ. ಒಬ್ಬರ ಜೊತೆ ಆಗುತ್ತದೆ. ಕೇಳುಗರ ತಲೆಯ ಮೇಲಿಂದ ಹಿಂದಿನ ಗೋಡೆ ನೋಡಿ ಮಾತಾಡಿ ಎನ್ನುವ ಸಲಹೆ ಮಾತ್ರ ನನಗೆ ಸುತರಾಂ ಒಪ್ಪಿಗೆಯಿಲ್ಲ. ಗೋಡೆ ತಲೆಯಾಡಿಸುವುದಿಲ್ಲ, ನಗುವುದೂ ಇಲ್ಲ. ಹಾಂ, ಹುಬ್ಬು ಗಂಟಿಕ್ಕಿ ಕೂತವರನ್ನು ಕಂಡು ಹೆದರಬೇಡಿ. ಎಷ್ಟೋ ಸಲ ಎಲ್ಲರಿಗಿಂತ ಗಮನವಿಟ್ಟು ಕೇಳುವವರು ಅವರೇ.

ಇಡೀ ಭಾಷಣ ಬಾಯಿಪಾಠ ಮಾಡಬೇಡಿ. ಕಣ್ಣು ತೆರೆದಿದ್ದರೂ ತಲೆಯೊಳಗಿನ ಹಾಳೆ ಓದುತ್ತಿರುತ್ತೀರಿ, ಎದುರಿನವರು ಕಾಣುವುದೇ ಇಲ್ಲ. ಮೊದಲ ಎರಡು ವಾಕ್ಯ ಬಾಯಿಗೆ ಬಂದರೆ ಸಾಕು, ಉಳಿದದ್ದಕ್ಕೆ ಚೀಟಿಯಲ್ಲಿ ನಾಲ್ಕು ಸಾಲು.

"ನಡುವೆ ಮರೆತುಹೋದರೆ?" ಎನ್ನುವುದು ಇದರ ಬೆನ್ನಿಗೇ ಬರುವ ಪ್ರಶ್ನೆ. ಕೇಳಿಬಿಡಿ: "ಎಲ್ಲಿಗೆ ಬಂದಿದ್ದೆ ನಾನು?" ನೀವು ಅಲ್ಲಿಯವರೆಗೆ ಅವರನ್ನು ನೋಡಿಕೊಂಡೇ ಮಾತಾಡಿದ್ದರೆ, ಮುಂದಿನ ಸಾಲಿನಿಂದ ಯಾರಾದರೂ ಹೇಳುತ್ತಾರೆ.