‘ರಾ’ ಮೇಲಿನ ಸಾಲಿನಲ್ಲೇ ಇರಲಿ

ಕಳೆದ ವಾರ ನಮ್ಮ ಬಡಾವಣೆಯ ಗಮಕ ವಾಚನದ ಆಹ್ವಾನ ಪತ್ರಿಕೆ ಕೈಗೆ ಬಂತು. ಒಳಪುಟದಲ್ಲಿ ಕುಮಾರವ್ಯಾಸ ಭಾರತದ ಮೊದಲ ಪದ್ಯವಿತ್ತು. ಮೂವತ್ತು ವರ್ಷ ಕರಡು ತಿದ್ದಿದ ಕಣ್ಣು ಇದು. ಸ್ಥಳ, ಸಮಯ ನೋಡುವ ಮೊದಲೇ ಅಲ್ಲಿಗೆ ಹೋಗಿ ನಿಂತಿತು.

ಶ್ರೀವನಿತೆಯರಸನೆ ವಿಮಲ
ರಾಜೀವಪೀಠನ ಪಿತನೆ ಜಗಕತಿ

ಕಾಗುಣಿತ ಸರಿಯಾಗಿಯೇ ಇದೆ. ‘ರಾಜೀವ’ ಎರಡು ಸಾಲಿಗೆ ಹರಿದುಹೋಗಿದೆ ಎಂದುಕೊಂಡು ಪುಟ ಕಟ್ಟಿದವರು ಒಳ್ಳೆಯ ಮನಸ್ಸಿನಿಂದ ಜೋಡಿಸಿದ್ದಾರೆ. ಆದರೆ ಕವಿ ಅದನ್ನು ಬೇಕೆಂದೇ ಮುರಿದಿದ್ದ:

ಶ್ರೀವನಿತೆಯರಸನೆ ವಿಮಲ ರಾ
ಜೀವಪೀಠನ ಪಿತನೆ ಜಗಕತಿ
ಪಾವನನೆ ಸನಕಾದಿ ಸಜ್ಜನನಿಕರ ದಾತಾರ
ರಾವಣಾಸುರ ಮಥನ ಶ್ರವಣ ಸು
ಧಾವಿನೂತನ ಕಥನ ಕಾರಣ
ಕಾವುದಾನತ ಜನವ ಗದುಗಿನ ವೀರನಾರಯಣ

(‘ನಾರಯಣ’ ಅಚ್ಚಿನ ತಪ್ಪಲ್ಲ, ಛಂದಸ್ಸಿಗಾಗಿ ಹ್ರಸ್ವವಾದದ್ದು.)

ಆರೂ ಸಾಲುಗಳ ಎರಡನೆಯ ಅಕ್ಷರವನ್ನು ನೋಡಿ: ವ, ವ, ವ, ವ, ವಿ, ವು. ಸ್ವರ ಬದಲಾಗಬಹುದು, ವ್ಯಂಜನ ಬದಲಾಗುವಂತಿಲ್ಲ. ಸಾಲಿನ ಆರಂಭದ ಈ ಹೊಂದಿಕೆಯೇ ಇಲ್ಲಿ ಪ್ರಾಸ. ಅದರ ಹಿಂದಿನ ಅಕ್ಷರಗಳೆಲ್ಲ ದೀರ್ಘ: ಶ್ರೀ, ಜೀ, ಪಾ, ರಾ, ಧಾ, ಕಾ. ಇದು ಗಜಪ್ರಾಸ. ಹಿಂದೆ ಹ್ರಸ್ವವಿದ್ದರೆ ಸಿಂಹ, ಅನುಸ್ವಾರವಿದ್ದರೆ ವೃಷಭ. ಹೀಗೆ ಆರು ಪ್ರಾಸಗಳಿಗೂ ಪ್ರಾಣಿಗಳ ಹೆಸರನ್ನೇ ಇಟ್ಟಿದ್ದಾರೆ. ‘ರಾ’ ಕೆಳಗಿಳಿದರೆ ಎರಡನೆಯ ಸಾಲಿನಲ್ಲಿ ‘ವ’ ಇರಬೇಕಾದ ಜಾಗಕ್ಕೆ ‘ಜೀ’ ಬರುತ್ತದೆ. ಭಾಮಿನಿ ಷಟ್ಪದಿ ಎಂಬ ಈ ಆರು ಸಾಲಿನ ಛಂದಸ್ಸಿನಲ್ಲಿ ಮೊದಲೆರಡು ಸಾಲುಗಳಿಗೆ ತಲಾ 14 ಮಾತ್ರೆ (ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು ಎಂಬ ಎಣಿಕೆ). ಪತ್ರಿಕೆಯಲ್ಲಿ ಮೊದಲನೆಯದು 12, ಎರಡನೆಯದು 16 ಆಗಿದೆ. ‘ಸುಧಾ’ವನ್ನೂ ಹಾಗೆಯೇ ಕೂಡಿಸಿದ್ದರು.

ನನ್ನ ಅಜ್ಜಿಗೆ ಓದು ಬರುತ್ತಿರಲಿಲ್ಲ. ಹೂಬತ್ತಿ ಹೊಸೆಯುತ್ತಾ ಈ ಪದ್ಯ ಹೇಳುತ್ತಿದ್ದಳು. ನಡುವೆ ಮರೆತರೆ ಬತ್ತಿಯನ್ನು ಬೆರಳಲ್ಲೇ ಹಿಡಿದು “ರಾವ... ಧಾವಿ... ಕಾವು...” ಎಂದು ಗುನುಗುವಳು. ಆ ‘ವ’ಕಾರದ ಹಿಂದೆಯೇ ಇಡೀ ಸಾಲು ಬರುತ್ತಿತ್ತು. ಪ್ರಾಸ ಎಂಬ ಮಾತನ್ನು ಆಕೆ ಎಂದೂ ಆಡಿದವಳಲ್ಲ.

ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಈ ಪ್ರಾಸವನ್ನು ಬಿಟ್ಟು ಬರೆದರು. ಬಿಟ್ಟದ್ದು ಸರಿ ಎಂದೇ ನನ್ನ ನಂಬಿಕೆ. ಪ್ರಾಸಕ್ಕಾಗಿ ಬೇಡದ ಪದವನ್ನು ತುರುಕಿದ ಪದ್ಯಗಳನ್ನು ನಾನೂ ಬೇಕಾದಷ್ಟು ತಿದ್ದಿದ್ದೇನೆ. ಆದರೂ ಕನ್ನಡದ ಕಿವಿ ಅದನ್ನು ಪೂರ್ತಿ ಬಿಟ್ಟಿಲ್ಲ. ‘ತಾಳಿದವನು ಬಾಳಿಯಾನು’ ಎನ್ನುವಾಗ ನಮ್ಮ ಬಾಯಲ್ಲಿ ಇರುವುದೂ ಗಜಪ್ರಾಸವೇ.

ಪತ್ರಿಕೆಯ ಕೆಳಗಿದ್ದ ಸಂಖ್ಯೆಗೆ ಫೋನ್ ಮಾಡಿದೆ. ಎತ್ತಿಕೊಂಡ ಹುಡುಗ, “ಪದ ಒಡೆದರೆ ಓದುವವರು ತಪ್ಪು ಎನ್ನುವುದಿಲ್ಲವೇ ಮೇಡಂ?” ಎಂದು ಕೇಳಿದ. ಎರಡೂ ರೀತಿಯಲ್ಲಿ ಗಟ್ಟಿಯಾಗಿ ಓದಲು ಹೇಳಿದೆ. ಎರಡನೆಯ ಸಲ ‘ಜೀವ’ದ ಹತ್ತಿರ ತಡೆದು ನಿಂತ. “ಇರಿ, ಇನ್ನೊಮ್ಮೆ ಓದುತ್ತೇನೆ” ಎಂದ.

ಪತ್ರಿಕೆಗಳು ಆಗಲೇ ಹಂಚಿಹೋಗಿವೆ. ಭಾನುವಾರ ಸಭೆಯಲ್ಲಿ ಕೊಡುವ ಹಾಳೆಯ ಕರಡನ್ನು ಆತ ನಿನ್ನೆ ಕಳುಹಿಸಿದ್ದಾನೆ. ‘ರಾ’ ಮೇಲೆ ಹೋಗಿದೆ, ‘ಸು’ ಕೂಡ.